ಸಾವಿನಂಚಿನ ತಂದೆ ಮತ್ತು ಮಗಳ ಪಾಲು

2024ರಲ್ಲಿ ತೆರೆಕಂಡ, ಶೂಜಿತ್ ಸರ್ಕಾರ್ ನಿರ್ದೇಶನದ ‘ಐ ವಾಂಟ್ ಟು ಟಾಕ್’ ಹಿಂದಿ ಚಿತ್ರದಲ್ಲಿ ಕ್ಯಾನ್ಸರ್ ಪೀಡಿತ ತಂದೆಗೆ ಉಳಿದಿರುವ ದಿನಗಳನ್ನು ವೈದ್ಯರು ಎಣಿಸಿ ಹೇಳುತ್ತಾರೆ. ಮಗಳಿರುವ ಆತ ಸಾವಿನೊಡನೆ ಹೋರಾಡುತ್ತಾನೆ. ನಾವು ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಆ ಪ್ರೀತಿಯನ್ನು ಹೇಗೆ ಅರ್ಥೈಸಬೇಕು?

ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ತೀವ್ರ ಅಸ್ವಸ್ಥರಾಗಿ ಮರಣವನ್ನು ಎದುರು ನೋಡುತ್ತಿದ್ದಾಗ, ತಮಗೆ ಒಬ್ಬಳೇ ಮಗಳು, ಸಂಪತ್ತಿನ ಮೂರನೆಯ ಎರಡು ಭಾಗವನ್ನು ದಾನ ಮಾಡಲೇ ಎಂದು ಪ್ರವಾದಿವರ್ಯರನ್ನು(ಸ) ಕೇಳಿದರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಮೂರನೆಯ ಒಂದು ಭಾಗವೇ ಹೆಚ್ಚೆಂದರು; ವಾರಸುದಾರರು ಪರರೆದುರು ಕೈಚಾಚುವಂತಾಗುವುದಕ್ಕಿಂತ ಅವರನ್ನು ಅನುಕೂಲಸ್ಥರಾಗಿ ಬಿಟ್ಟುಹೋಗುವುದು ಲೇಸೆಂದರು. ದಾನದಂತಹ ಪುಣ್ಯಕಾರ್ಯಕ್ಕೂ ವಾರಸುದಾರರ ಹಕ್ಕು ಮಿತಿ ಹಾಕಿತು!

ಹನಿ ನೀರಾವರಿ ಯೋಜನೆಯಿಂದ ಹೆಸರಾದ ನಮ್ಮ ರಾಮಥಾಳದ ಸೀಮೆಯಲ್ಲಿ ಹೊಲವೇ ಬದುಕು. ಮದುವೆಯ ಖರ್ಚಿನಲ್ಲೇ ನಿನ್ನ ಪಾಲು ಮುಗಿಯಿತೆಂದು ಮಗಳ ಸಹಿ ಪಡೆಯುವ ರೂಢಿ ನಮ್ಮ ಸಮಾಜದಲ್ಲೂ ಇದೆ. ಸೂರಃ ಅನ್ನಿಸಾದ 11ನೆಯ ವಚನದಲ್ಲಿ ಅಲ್ಲಾಹನು ನಿಗದಿಪಡಿಸಿದ ಪಾಲನ್ನು ಯಾವ ರೂಢಿಯೂ ಅಳಿಸಲಾರದು.

ತೆರೆಯ ಮೇಲಿನ ತಂದೆಗಾಗಿ ಸುರಿಸಿದ ಕಣ್ಣೀರು ನಿಜವಾಗಿದ್ದರೆ, ಉಸಿರಿರುವಾಗಲೇ ಗಂಡುಮಕ್ಕಳನ್ನು ಕೂರಿಸಿಕೊಂಡು ಅವರ ಸಹೋದರಿಯರ ಹಕ್ಕನ್ನು ತಿಳಿಸಿಬಿಡೋಣ. ನಾವು ಇಲ್ಲವಾದ ಮೇಲೂ ಮಗಳನ್ನು ಕಾಯುವ ಪ್ರೀತಿ ಅದೇ.