ಮಗುವಿನ ತಲೆಗೆ ಬಿದ್ದ ‘ಸಣ್ಣ’ ಪೆಟ್ಟು

ದ್ವಿಚಕ್ರ ವಾಹನಗಳಲ್ಲಿ ಸಾಗುವ ಮಕ್ಕಳ ತಲೆಯ ರಕ್ಷಣೆಗೆಂದು ನಮ್ಮಲ್ಲಿ ಎರಡು ಕಟ್ಟಳೆಗಳು ಬಂದಿವೆ. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ನಾಲ್ಕು ವರ್ಷ ಮೀರಿದವರೆಲ್ಲರಿಗೂ ಶಿರಸ್ತ್ರಾಣವನ್ನು ವಿಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಪ್ರಕಟವಾಗಿ, ಒಂದು ವರ್ಷದ ತರುವಾಯ ಜಾರಿಗೆ ಬಂದ ನಿಯಮವು ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಕೂಸುಗಳಿಗೂ ಶಿರಸ್ತ್ರಾಣವಿರಬೇಕು, ಕೂಸನ್ನು ಸವಾರನಿಗೆ ಪಟ್ಟಿಯಿಂದ ಬಿಗಿದಿರಬೇಕು, ವೇಗವು ಗಂಟೆಗೆ ೪೦ ಕಿಲೋಮೀಟರನ್ನು ಮೀರಕೂಡದು ಎಂದು ಹೇಳಿತು. ಮೈಸೂರು ರಸ್ತೆಯ ಮಗ್ಗುಲಿನ ದೀಪಾಂಜಲಿ ನಗರದಲ್ಲಿ ವಾಸವಾಗಿರುವ ನನಗೆ ಈ ಕಟ್ಟಳೆಗಳ ಪಾಲನೆ ಎಷ್ಟರಮಟ್ಟಿನದೆಂಬುದು ದಿನವೂ ಬೆಳಗಿನ ಶಾಲೆಯ ಹೊತ್ತಿಗೆ ಕಾಣುತ್ತದೆ. ತಂದೆಯ ತಲೆಯ ಮೇಲೆ ಶಿರಸ್ತ್ರಾಣ. ಮುಂದೆ ನಿಂತ ಮಗಳ ತಲೆಯ ಮೇಲೆ ಎರಡು ಜಡೆಯ ಟೇಪು.

ಪೆಟ್ಟು ಬೀಳದಂತೆ ನೋಡಿಕೊಳ್ಳುವುದೇ ಮೊದಲ ಕರ್ತವ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪೆಟ್ಟು ಬಿದ್ದ ಮೇಲೆ ಏನು ಎಂಬ ಪ್ರಶ್ನೆಯನ್ನು ಕಾಯಿದೆಯೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬಿದ್ದು ಎದ್ದೇ ಮಕ್ಕಳು ಬೆಳೆಯುವುದು ಎಂಬ ನಂಬಿಕೆ ನಮ್ಮದು. ಹಣೆಯ ಬುಗುಟು ಇಳಿದರೆ ಮನೆಯವರ ಆತಂಕವೂ ಇಳಿಯಿತು. ಬಹುಪಾಲು ಮಕ್ಕಳ ವಿಷಯದಲ್ಲಿ ಈ ನಂಬಿಕೆ ಸರಿಯೇ. ಉಳಿದ ಮಕ್ಕಳ ಗತಿಯೇನೆಂಬುದೇ ಇಲ್ಲಿ ವಿಚಾರಮಾಡತಕ್ಕ ಸಂಗತಿ.

‘ಸಣ್ಣ ಪೆಟ್ಟು’ ಎಂದು ವೈದ್ಯರು ಹೇಳುವುದು ಯಾವ ಅಳತೆಯಿಂದ? ೧೯೭೪ರಲ್ಲಿ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ಇಬ್ಬರು ತಜ್ಞರು ಒಂದು ಅಳತೆಗೋಲನ್ನು ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ ೪, ಮಾತಿಗೆ ೫, ಕೈಕಾಲುಗಳ ಚಲನೆಗೆ ೬. ಒಟ್ಟು ೧೫ ಅಂಕಗಳು. ೮ ಮತ್ತು ಅದಕ್ಕಿಂತ ಕಡಮೆಯಾದರೆ ತೀವ್ರ, ೯ರಿಂದ ೧೨ ಮಧ್ಯಮ, ೧೩ರಿಂದ ೧೫ ಸಣ್ಣದು. ಮಾತು ಬಾರದ ಹಸುಳೆಗಳಿಗಾಗಿ ಇದನ್ನೇ ತುಸು ಮಾರ್ಪಡಿಸಿ ಬಳಸುತ್ತಾರೆ. ಪ್ರಾಣಾಪಾಯದಲ್ಲಿರುವವರನ್ನು ಬೇಗನೆ ಗುರುತಿಸುವುದಕ್ಕೆ ಇದು ದೊಡ್ಡ ಉಪಕಾರ ಮಾಡಿದೆ. ಆದರೆ ಇದು ಮೊದಲ ಗಂಟೆಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆದ ಮಗು ನಾಲ್ಕನೆಯ ವಾರದಲ್ಲಿ ಪಾಠ ಓದಲು ಶಕ್ತವಾಗಿರುತ್ತದೆಯೇ ಎಂಬುದನ್ನು ಅದು ಹೇಳದು. ಹೇಳುವೆನೆಂದು ಹೊರಟದ್ದೂ ಅಲ್ಲ.

ಸಿ.ಟಿ. ಯಂತ್ರದ ಚಿತ್ರವೂ ಹಾಗೆಯೇ. ಅದು ರಕ್ತಸ್ರಾವವನ್ನೂ ಎಲುಬಿನ ಬಿರುಕನ್ನೂ ತೋರಿಸುತ್ತದೆ. ಸಣ್ಣ ಪೆಟ್ಟಿನಲ್ಲಿ ಕೆಡುವುದಾದರೋ ಮುಖ್ಯವಾಗಿ ಮಿದುಳಿನ ಕೆಲಸ; ಅದರ ಕಟ್ಟಡವಲ್ಲ. ಯಾವ ಮಗುವಿಗೆ ಆ ಚಿತ್ರದ ಅಗತ್ಯವೇ ಇಲ್ಲವೆಂದು ಗುರುತಿಸುವ ಸೂತ್ರವೊಂದನ್ನು ೨೦೦೯ರಲ್ಲಿ ಅಮೆರಿಕದ ವೈದ್ಯರು ೪೨,೦೦೦ಕ್ಕೂ ಮಿಕ್ಕಿ ಮಕ್ಕಳನ್ನು ಪರೀಕ್ಷಿಸಿ ರೂಪಿಸಿದರು. ವೃಥಾ ವಿಕಿರಣದಿಂದ ಮಕ್ಕಳನ್ನು ಪಾರುಮಾಡುವ ಸೂತ್ರವದು. ಚಿತ್ರ ನಿರ್ಮಲವಾಗಿದೆಯೆಂದರೆ ಶಸ್ತ್ರಚಿಕಿತ್ಸೆ ಬೇಕಿಲ್ಲವೆಂದು ಅರ್ಥ. ಮಗು ಗುಣವಾಗಿದೆಯೆಂದು ಅರ್ಥವಲ್ಲ.

ನಮ್ಮ ಬೀದಿಯ ಏಳನೆಯ ತರಗತಿಯ ಹುಡುಗನೊಬ್ಬನು ನಾಯಂಡಹಳ್ಳಿಯ ಕೂಡುರಸ್ತೆಯ ಬಳಿ ಸ್ಕೂಟರಿನ ಹಿಂಬದಿಯಿಂದ ಬಿದ್ದನು. ಕ್ಷಣಕಾಲ ಮಂಕಾಗಿದ್ದು, ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ತನ್ನ ಹೆಸರು, ಮನೆಯ ವಿಳಾಸಗಳನ್ನು ತಾನೇ ಹೇಳುತ್ತಿದ್ದನು. ಚಿತ್ರದಲ್ಲಿ ದೋಷ ಕಾಣಲಿಲ್ಲ. ಸಣ್ಣ ಪೆಟ್ಟೆಂದು ಮನೆಗೆ ಕಳುಹಿಸಿದರು. ಅಲ್ಲಿ ತಪ್ಪೇನೂ ನಡೆಯಲಿಲ್ಲ. ಆದರೆ ಐದು ವಾರ ಕಳೆದರೂ ಅವನು ತರಗತಿಯ ಗದ್ದಲವನ್ನು ಸಹಿಸಲಾರದವನಾಗಿದ್ದನು. ಎರಡು ಪುಟ ಓದಿದರೆ ತಲೆನೋವು. ಕೇಳಿದ ಪ್ರಶ್ನೆಗೆ ಉತ್ತರ ಬರುವುದು ತಡ. ಅಂಕಪಟ್ಟಿಯ ಮೇಲೆ ‘ಗಮನ ಸಾಲದು’ ಎಂದು ಷರಾ ಬಂದಿತು. ಮೂರನೆಯ ತಿಂಗಳಿಗೆ ಹುಡುಗ ಚೇತರಿಸಿಕೊಂಡನು. ಸೋಮಾರಿ ಎಂಬ ಹೆಸರು ಮಾತ್ರ ಅವನಿಗಿಂತ ನಿಧಾನವಾಗಿ ಗುಣವಾಗುತ್ತಿದೆ.

ಇಂಥ ಮಗುವನ್ನು ಮುಂಚಿತವಾಗಿ ಗುರುತಿಸುವುದು ಸಾಧ್ಯವೇ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಕೆನಡದ ರೋಜರ್ ಜೆಮೆಕ್ ಮತ್ತು ಅವರ ಸಂಗಡಿಗರು. ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ಐದರಿಂದ ಹದಿನೇಳು ವಯಸ್ಸಿನ ೩,೦೬೩ ಮಕ್ಕಳನ್ನು ಸೇರಿಸಿಕೊಂಡು, ೨೦೧೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೨೮ ದಿನಗಳ ಬಳಿಕವೂ ತೊಂದರೆಗಳು ಉಳಿದಿದ್ದವರು ಸುಮಾರು ನೂರಕ್ಕೆ ೩೧ ಮಂದಿ. ಹೆಣ್ಣುಮಗುವೇ, ಹದಿಮೂರು ತುಂಬಿದೆಯೇ, ಮೈಗ್ರೇನ್ ತಲೆನೋವಿದೆಯೆಂದು ವೈದ್ಯರು ಮೊದಲೇ ಹೇಳಿದ್ದರೇ, ಹಿಂದೊಮ್ಮೆ ಪೆಟ್ಟು ಬಿದ್ದು ವಾರಕ್ಕೂ ಹೆಚ್ಚು ಕಾಲ ನರಳಿತ್ತೇ, ಈಗ ತಲೆನೋವು, ಆಯಾಸ, ಸದ್ದನ್ನು ಸಹಿಸದಿರುವಿಕೆ ಇವೆಯೇ, ಉತ್ತರ ನಿಧಾನವೇ, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ಕಣ್ಣು ಮುಚ್ಚಿ ನಿಂತರೆ ತೋಲ ತಪ್ಪುತ್ತದೆಯೇ ಎಂಬ ಒಂಬತ್ತು ಅಂಶಗಳಿಂದ ೧೨ ಅಂಕಗಳ ಕೋಷ್ಟಕವನ್ನು ಅವರು ಮಾಡಿದರು.

ಈ ಕೋಷ್ಟಕದ ಬಲವೆಷ್ಟು? ತಡವಾಗಿ ಗುಣವಾಗುವ ಮಗುವೊಂದು, ಬೇಗ ಗುಣವಾಗುವ ಮಗುವೊಂದು ಎಂದು ಜೋಡಿಮಾಡಿ ಮುಂದಿಟ್ಟರೆ, ನೂರು ಜೋಡಿಗಳಲ್ಲಿ ಸುಮಾರು ೭೦ನ್ನು ಅದು ಸರಿಯಾಗಿ ಗುರುತಿಸುತ್ತದೆ. ಅನುಭವಿ ವೈದ್ಯರ ಊಹೆ ಗುರುತಿಸಿದ್ದು ಸುಮಾರು ೫೫ನ್ನು. ನಾಣ್ಯ ಚಿಮ್ಮಿ ಹೇಳಿದರೂ ೫೦ ಸರಿಯಾದೀತು! ಆದ್ದರಿಂದ ಕೋಷ್ಟಕವು ಊಹೆಗಿಂತ ಮೇಲು. ಆದರೆ ಅದು ಜಾತಕವಲ್ಲ. ಒಂದು ಗುಂಪಿನ ಬಗೆಗೆ ಅದು ಹೇಳುವುದನ್ನು ನಮ್ಮ ಮುಂದಿರುವ ಒಂದು ಮಗುವಿನ ಹಣೆಯ ಬರಹವೆಂದು ಓದಲಾಗದು.

ಅಲ್ಲದೆ, ಕೆನಡದ ಕೋಷ್ಟಕವನ್ನು ಹಾಗೆಯೇ ತಂದು ಮೈಸೂರು ರಸ್ತೆಯಲ್ಲಿ ನೆಟ್ಟರೆ ಬೇರೂರೀತೆಂದು ನನಗೆ ತೋರುವುದಿಲ್ಲ. ಮೈಗ್ರೇನ್ ಇದೆಯೆಂದು ವೈದ್ಯರು ಹೇಳಿದ್ದರೇ ಎಂದು ಕೇಳಿದರೆ, ಮಗುವಿನ ತಲೆನೋವಿಗಾಗಿ ವೈದ್ಯರ ಬಳಿಗೇ ಹೋಗದ ಮನೆಯವರು ಇಲ್ಲವೆನ್ನುತ್ತಾರೆ, ಅಂಕ ಸೊನ್ನೆಯಾಗುತ್ತದೆ. ಭಾಷೆಯ ತೊಡಕೂ ಉಂಟು. ‘ತಲೆ ಭಾರ’ ಎಂಬ ನಮ್ಮ ಮಕ್ಕಳ ಒಂದೇ ಮಾತಿನಲ್ಲಿ ನೋವು, ಆಯಾಸ, ಮಂಕು ಮೂರೂ ಅಡಗಿರಬಹುದು. ಇಂಗ್ಲಿಷಿನ ಪ್ರಶ್ನಾವಳಿಯು ಈ ಮೂರನ್ನೂ ಬೇರೆಬೇರೆಯಾಗಿ ಕೇಳುತ್ತದೆ.

ಅಳತೆಗಳನ್ನು ನಮ್ಮ ನೆಲಕ್ಕೆ ಒಗ್ಗಿಸುವುದು ನಮಗೆ ಹೊಸತಲ್ಲ. ಬಿನೆ ಅವರ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ೧೯೩೦ರ ದಶಕದಲ್ಲಿಯೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು ಪುನಾರಚಿಸಿದರು. ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆಯು ಮಕ್ಕಳ ಗಮನ, ನೆನಪು, ಯೋಚನೆಯ ವೇಗಗಳನ್ನು ಅಳೆಯುವ ಪರೀಕ್ಷಾಮಾಲೆಯನ್ನು ೨೦೦೪ರಲ್ಲಿ ಪ್ರಕಟಿಸಿತು. ಸಾಧನ ಇದೆ. ಆದರೆ ಅದನ್ನು ನಡೆಸಲು ತರಬೇತಾದ ತಜ್ಞರೂ ಗಂಟೆಗಟ್ಟಲೆ ಕಾಲವೂ ಬೇಕು. ಬಿದ್ದ ಮಕ್ಕಳೆಲ್ಲರನ್ನೂ ಹೊಸೂರು ರಸ್ತೆಗೆ ಕರೆದೊಯ್ಯಲಾದೀತೇ? ಭವಿಷ್ಯ ನುಡಿಯುವ ಕೋಷ್ಟಕದ ನಿಜವಾದ ಪ್ರಯೋಜನ ಇಲ್ಲಿದೆ: ತೀರ್ಪು ಕೊಡುವುದಕ್ಕಲ್ಲ, ಯಾರನ್ನು ಮತ್ತೆ ಬೇಗನೆ ನೋಡಬೇಕೆಂಬ ಸಾಲನ್ನು ನಿರ್ಧರಿಸುವುದಕ್ಕೆ.

ಇದಕ್ಕೆ ವಿರುದ್ಧವಾದ ಅಪಾಯವನ್ನೂ ಮರೆಯಕೂಡದು. ಮಿದುಳಿಗೆ ಏಟು ಎಂಬ ಮಾತನ್ನೇ ದಿನವೂ ಜಪಿಸಿದರೆ ಗುಣವಾಗುತ್ತಿರುವ ಮಗುವೂ ರೋಗಿಯಾದೀತು. ಪೆಟ್ಟಿಗೂ ಮೊದಲೇ ಇದ್ದ ಗಮನದ ಕೊರತೆಯನ್ನು ಪೆಟ್ಟಿನ ತಲೆಗೆ ಕಟ್ಟುವುದೂ ಉಂಟು. ಅದಕ್ಕಾಗಿಯೇ ಸಂಶೋಧಕರು ಈ ಮಕ್ಕಳನ್ನು ಕೈ ಮುರಿದುಕೊಂಡ ಮಕ್ಕಳೊಡನೆ ಹೋಲಿಸುತ್ತಾರೆ; ಬಿದ್ದ ಗಾಬರಿ, ಶಾಲೆ ತಪ್ಪಿದ ನಷ್ಟ ಇಬ್ಬರಿಗೂ ಒಂದೇ ಅಲ್ಲವೆ? ಕತ್ತಲೆಯ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿಯನ್ನೂ ಈಗ ಕೈಬಿಟ್ಟಿದ್ದಾರೆ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ಮೆಲ್ಲಮೆಲ್ಲನೆ ಶಾಲೆ. ಮತ್ತೊಮ್ಮೆ ತಲೆಗೆ ತಾಗಬಹುದಾದ ಆಟಗಳು ಮಾತ್ರ ಪೂರ್ತಿ ಗುಣವಾದ ಬಳಿಕ. ಮತ್ತೆಮತ್ತೆ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಸೆಳವು, ಕೈಕಾಲಿನ ನಿಶ್ಶಕ್ತಿ, ಕಿವಿ ಮೂಗುಗಳಿಂದ ನೀರು ಅಥವಾ ರಕ್ತ ಇಳಿಯುವುದು: ಇವು ಕಂಡರೆ ಮಾತ್ರ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಮಾಡಬೇಕಾದುದೇನು? ಆಸ್ಪತ್ರೆಯಿಂದ ಕಳುಹಿಸುವಾಗ ಕನ್ನಡದಲ್ಲಿ ಒಂದು ಚೀಟಿ, ಅದರ ಒಂದು ಪ್ರತಿ ಶಾಲೆಗೆ. ತಿಂಗಳು ತುಂಬಿದಾಗ ಒಮ್ಮೆ ವಿಚಾರಣೆ: ನಿದ್ರೆ ಹೇಗಿದೆ, ಓದಿದರೆ ನೋವೇ, ಗದ್ದಲವನ್ನು ತಾಳುತ್ತದೆಯೇ, ಮೊದಲಿನ ಮಗುವೇ ಇದು ಎಂದು ತಾಯಿಗೆ ಅನ್ನಿಸುತ್ತದೆಯೇ? ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಹೋಗಿ ಮಕ್ಕಳನ್ನು ತಪಾಸಣೆ ಮಾಡುವ ವ್ಯವಸ್ಥೆ ಈಗಾಗಲೇ ಇದೆ. ಈ ನಾಲ್ಕು ಪ್ರಶ್ನೆಗಳನ್ನು ಅದರೊಳಗೆ ಸೇರಿಸುವುದಕ್ಕೆ ಯಂತ್ರವೂ ಬೇಡ, ಕಟ್ಟಡವೂ ಬೇಡ. ಹೀಗೆ ಬಂದ ಉತ್ತರಗಳು ಕೆಲವು ವರ್ಷ ಕೂಡಿಬಂದರೆ, ನಮ್ಮ ಮಕ್ಕಳಿಗೆ ಹೊಂದುವ ಕೋಷ್ಟಕವನ್ನು ನಮ್ಮವರೇ ರಚಿಸಿಯಾರು.

ಆ ವ್ಯವಸ್ಥೆ ಬರುವವರೆಗೆ ಈ ಭಾರ ತಾಯಿತಂದೆಯರ ಮತ್ತು ಉಪಾಧ್ಯಾಯರ ಮೇಲಿದೆ. ನಿನ್ನೆಯವರೆಗೆ ಓದುತ್ತಿದ್ದ ಮಗು ಇಂದು ಹಿಂದೆ ಬಿದ್ದರೆ, ಬೆತ್ತಕ್ಕೂ ಬೈಗುಳಕ್ಕೂ ಮೊದಲು ‘ಈಚೆಗೆ ಎಲ್ಲಾದರೂ ಬಿದ್ದಿದ್ದೆಯಾ?’ ಎಂದು ಒಮ್ಮೆ ಕೇಳಬೇಕು.