ರಿಪೇರಿ ಕಂಪನಿಯದು, ನಷ್ಟ ಯಾರದು?

ಇಂದು ದುಡಿದವನ ಪಗಾರ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆ ಕೊಂಡವನು ಫೋನು ಹಿಡಿದು ಹಣ ಕೊಟ್ಟು ಹೋಗುತ್ತಾನೆ. ಗ್ಯಾಸಿನ ಸಿಲಿಂಡರಿಗೆ ಹೇಳುವುದು, ಮಗಳ ಪರೀಕ್ಷೆಯ ಫೀ ಕಟ್ಟುವುದು, ಸಗಟು ವ್ಯಾಪಾರಿಗೆ ಬಾಕಿ ಕಳಿಸುವುದು ಎಲ್ಲವೂ ಒಂದೇ ಜಾಲದ ಮೇಲೆ ನಡೆದಿದೆ. ಆ ಜಾಲ ನಿಂತಾಗ ‘ನೆಟ್‌ವರ್ಕ್ ಇಲ್ಲ’ ಎಂಬ ಎರಡು ಶಬ್ದ ಹೇಳಿ ನಾವು ಸುಮ್ಮನಾಗುತ್ತೇವೆ, ಮಳೆ ಬಾರದ ವರ್ಷ ಆಕಾಶ ನೋಡಿ ಸುಮ್ಮನಾಗುವ ಹಾಗೆ. ಆದರೆ ಬಂಧುಗಳೇ, ನೆಟ್‌ವರ್ಕು ಮಳೆಯಲ್ಲ. ಮನುಷ್ಯರು ಕಟ್ಟಿ ಮನುಷ್ಯರು ನಡೆಸುವ ಯಂತ್ರ ಅದು. ನಾವು ತಿಂಗಳು ತಿಂಗಳು ಹಣ ತೆತ್ತು ಬಳಸುವ ಯಂತ್ರ. ಅದು ಏಕೆ ನಿಂತಿತು, ನಿಂತ ದಿನದ ನಷ್ಟವನ್ನು ಯಾರು ತುಂಬಬೇಕು ಎಂದು ಕೇಳುವ ಹಕ್ಕು ಹಣ ತೆತ್ತವನಿಗೆ ಉಂಟು.

ಕೇಳಬೇಕಾದರೆ ಮೊದಲು ತಿಳಿಯಬೇಕು. ಈ ಜಾಲದ ಮುಖ್ಯ ಯಂತ್ರಕ್ಕೆ ರೂಟರ್ ಎಂದು ಹೆಸರು. ಮನೆಯ ಗೋಡೆಯ ಮೇಲೆ ದೀಪ ಮಿಣುಕಿಸುವ ಚಿಕ್ಕ ಪೆಟ್ಟಿಗೆಯೂ ರೂಟರೇ. ಆದರೆ ಇಲ್ಲಿ ಹೇಳಹೊರಟದ್ದು ಕಂಪನಿಯ ಕಟ್ಟಡದಲ್ಲಿ ಬೀರುವಿನಂತೆ ನಿಂತಿರುವ ಅದರ ಹಿರಿಯಣ್ಣನ ವಿಷಯ. ಆರ್.ಎಂ.ಎಸ್. ಕಚೇರಿಯಲ್ಲಿ ಕಾಗದ ವಿಂಗಡಿಸುವ ಗುಮಾಸ್ತನನ್ನು ನೆನೆಯಿರಿ. ವಿಳಾಸ ಓದಿ, ಈ ಕಾಗದ ಯಾವ ಚೀಲಕ್ಕೆ ಎಂದು ಗೊತ್ತುಮಾಡಿ ಎಸೆಯುವುದೇ ಅವನ ಕೆಲಸ. ರೂಟರ್ ಮಾಡುವುದೂ ಅದನ್ನೇ. ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಯೊಂದು ಅದರ ಬಳಿ ಇರುತ್ತದೆ. ಇಡೀ ಪ್ರಪಂಚದ ದಾರಿಗಳ ಪಟ್ಟಿ ಇಂದು ಹತ್ತು ಲಕ್ಷ ಸಾಲುಗಳ ಆಸುಪಾಸಿನದು. ರೂಟರುಗಳು ಈ ದಾರಿಗಳನ್ನು ಒಂದಕ್ಕೊಂದು ಹೇಳಿಕೊಡುತ್ತಲೇ ಇರುತ್ತವೆ. ಎಲ್ಲ ರೂಟರಿಗೂ ಎಲ್ಲ ದಾರಿಯ ಸುದ್ದಿ ಬೇಕಿಲ್ಲ. ಆದ್ದರಿಂದ ಬೇಕಾದಷ್ಟನ್ನೇ ಒಳಗೆ ಬಿಡುವ ಜರಡಿಯನ್ನು ನಡುನಡುವೆ ಹಿಡಿದಿರುತ್ತಾರೆ.

ಈ ಯಂತ್ರಗಳನ್ನು ಕಾಲಕಾಲಕ್ಕೆ ಸುಧಾರಿಸದೆ ಗತ್ಯಂತರವಿಲ್ಲ. ೨೦೧೪ರ ಆಗಸ್ಟ್ ೧೨ರಂದು ಪ್ರಪಂಚದ ದಾರಿಪಟ್ಟಿ ಐದು ಲಕ್ಷ ಹನ್ನೆರಡು ಸಾವಿರದ ಗಡಿಯನ್ನು ದಾಟಿತು. ಹಳೆಯ ಮಾದರಿಯ ಎಷ್ಟೋ ರೂಟರುಗಳ ನೆನಪಿನ ಕೋಶಕ್ಕೆ ಕಾರ್ಖಾನೆಯಲ್ಲೇ ಇಟ್ಟಿದ್ದ ಮಿತಿ ಹೆಚ್ಚುಕಡಿಮೆ ಅಷ್ಟೇ. ಪಟ್ಟಿ ತುಂಬಿತು, ಗುಮಾಸ್ತನ ಪುಸ್ತಕದಲ್ಲಿ ಹಾಳೆ ಮುಗಿಯಿತು, ಅಂದು ಹಲವು ದೇಶಗಳಲ್ಲಿ ಜಾಲ ಕುಂಟಿತು. ಯಂತ್ರ ತಯಾರಿಸಿದ ಸಿಸ್ಕೊ ಕಂಪನಿ ತಿಂಗಳುಗಳ ಮೊದಲೇ ಎಚ್ಚರಿಸಿತ್ತು. ಕೋಶದ ಹಂಚಿಕೆಯನ್ನು ಬದಲಿಸಿ ಯಂತ್ರವನ್ನು ಒಮ್ಮೆ ನಿಲ್ಲಿಸಿ ಚಾಲೂ ಮಾಡಿದ್ದರೆ ಅನೇಕ ಕಡೆ ಅಷ್ಟೇ ಸಾಕಾಗುತ್ತಿತ್ತು. ಮಾಡಲಿಲ್ಲ. ನಡೆಯುತ್ತಿರುವ ಯಂತ್ರವನ್ನು ಮುಟ್ಟುವುದೇಕೆ, ಖರ್ಚೇಕೆ ಎಂಬ ಧೋರಣೆಯ ಫಲ ಇದು. ಹೀಗಾಗಿ, ಸುಧಾರಣೆಯನ್ನೇ ಬೇಡವೆನ್ನುವುದು ಈ ಲೇಖನದ ವಾದವಲ್ಲ. ಸುಧಾರಣೆ ಬೇಕು. ಅದನ್ನು ಯಾವ ರೀತಿ ಮಾಡುತ್ತಾರೆ, ಕೆಟ್ಟರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದೇ ಪ್ರಶ್ನೆ.

ಕೆನಡಾದ ಉದಾಹರಣೆ ನೋಡಿ. ಅಲ್ಲಿಯ ಬೃಹತ್ ಕಂಪನಿಗಳಲ್ಲಿ ಒಂದು ರಾಜರ್ಸ್. ೨೦೨೨ರ ಜುಲೈ ೮, ಶುಕ್ರವಾರ ಬೆಳಗಿನ ಜಾವ ಐದರ ಹೊತ್ತಿಗೆ ಅದರ ಮೊಬೈಲು, ಮನೆಯ ಫೋನು, ಇಂಟರ್‌ನೆಟ್ಟು ಮೂರೂ ಒಟ್ಟಿಗೇ ನಿಂತವು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಿರಾಕಿಗಳು ಕತ್ತಲಲ್ಲಿ ಉಳಿದರು. ದೇಶದ ಅಂಗಡಿಗಳಲ್ಲಿ ಕಾರ್ಡಿನ ಮೂಲಕ ಹಣ ಸಲ್ಲಿಸುವ ಇಂಟರಾಕ್ ಎಂಬ ವ್ಯವಸ್ಥೆ ಈ ಜಾಲವನ್ನೇ ನಂಬಿತ್ತು, ಅದೂ ಬಿತ್ತು. ಅಂಗಡಿಕಾರರು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿ ಕುಳಿತರು. ಇನ್ನೂ ಘೋರವಾದದ್ದೆಂದರೆ ೯೧೧ ಎಂಬ ತುರ್ತು ಸಂಖ್ಯೆಗೆ ಅನೇಕರ ಕರೆ ಮುಟ್ಟಲಿಲ್ಲ. ಕಂಪನಿಯ ಗೋಪುರಗಳು ಗಾಳಿಯಲ್ಲಿ ಸಂಕೇತ ಬೀರುತ್ತಲೇ ಇದ್ದವು. ಹೊರಗೆ ದೀಪ ಉರಿಯುತ್ತಿದೆ, ಒಳಗೆ ಅಂಗಡಿ ಮುಚ್ಚಿದೆ ಎಂಬಂಥ ಸ್ಥಿತಿ. ದೀಪ ನಂಬಿದ ಫೋನುಗಳು ಬೇರೆ ಕಂಪನಿಯ ಗೋಪುರವನ್ನು ಹುಡುಕಿಕೊಂಡು ಹೋಗಲಿಲ್ಲ.

ಕಾರಣವೇನು? ಕಂಪನಿ ತನ್ನ ಜಾಲವನ್ನು ಏಳು ಹಂತಗಳಲ್ಲಿ ಸುಧಾರಿಸುತ್ತಿತ್ತು. ಅಂದು ಆರನೆಯ ಹಂತ. ಹಂಚಿಕೆಯ ರೂಟರುಗಳಲ್ಲಿದ್ದ ಒಂದು ಜರಡಿಯನ್ನು ತೆಗೆದುಹಾಕಿದರು. ತಡೆದಿದ್ದ ದಾರಿಗಳ ಸುದ್ದಿಯೆಲ್ಲ ಒಡ್ಡು ಒಡೆದ ಕೆರೆಯಂತೆ ನಡುಮನೆಯ ದೊಡ್ಡ ರೂಟರುಗಳ ಮೇಲೆ ನುಗ್ಗಿತು. ಇಷ್ಟಕ್ಕಿಂತ ಹೆಚ್ಚು ಬಂದರೆ ಒಳಗೆ ಬಿಡಬೇಡ ಎಂಬ ಮಿತಿ ಅವುಗಳಿಗೆ ಇರಲಿಲ್ಲ. ನಿಮಿಷಗಳಲ್ಲೇ ಅವು ಕುಸಿದವು. ಮೊಬೈಲಿಗೂ ಮನೆಯ ತಂತಿಗೂ ನಡುಮನೆ ಒಂದೇ ಆಗಿದ್ದರಿಂದ ಎರಡೂ ಒಟ್ಟಿಗೇ ಹೋದವು.

ಗಿರಣಿಯಲ್ಲಿ ದುಡಿದವರು ಗಮನಿಸಬೇಕಾದ ಮಾತು ಇನ್ನು ಮುಂದಿದೆ. ಈ ಕೆಲಸದ ಅಪಾಯವನ್ನು ಕಂಪನಿ ಆರಂಭದಲ್ಲಿ ‘ಹೆಚ್ಚು’ ಎಂದೇ ಬರೆದಿಟ್ಟಿತ್ತು. ಹಿಂದಿನ ಹಂತಗಳು ಸುಸೂತ್ರವಾಗಿ ಮುಗಿದವು; ಅಷ್ಟಕ್ಕೇ ಕಂಪನಿಯ ಲೆಕ್ಕದ ಯಂತ್ರ ಆರನೆಯ ಹಂತದ ಅಪಾಯವನ್ನು ‘ಕಡಿಮೆ’ ಎಂದು ಇಳಿಸಿತು. ಐದು ದಿನ ಬೆಲ್ಟು ಕಡಿಯಲಿಲ್ಲವೆಂದು ಆರನೆಯ ದಿನ ಯಂತ್ರದ ಕಾವಲು ಜಾಲರಿಯನ್ನು ಬಿಚ್ಚಿಟ್ಟರೆ ಯಾವ ಜಾಬರ್ ಒಪ್ಪುತ್ತಾನೆ? ಇಂಥ ಬದಲಾವಣೆಯನ್ನು ಮೊದಲು ಪ್ರಯೋಗಶಾಲೆಯಲ್ಲಿ ಮಾಡಿ ನೋಡಿ, ಆಮೇಲೆ ನಡೆಯುವ ಯಂತ್ರಕ್ಕೆ ಕೈ ಹಾಕುವುದು ಈ ಕಸುಬಿನ ವಾಡಿಕೆ.

ಕೆಟ್ಟದ್ದನ್ನು ಕಂಡುಹಿಡಿಯುವುದಾದರೂ ಬೇಗ ಆಯಿತೇ? ಇಲ್ಲ. ರೂಟರನ್ನು ದೂರದಿಂದ ನೋಡಿ ರಿಪೇರಿ ಮಾಡಲು ನೌಕರರಿಗಿದ್ದ ದಾರಿಯೂ ಅದೇ ಕೆಟ್ಟ ಜಾಲದ ಮೇಲೆಯೇ ಹಾದುಹೋಗುತ್ತಿತ್ತು. ಬಾವಿಗೆ ಬಿದ್ದವನನ್ನು ಎತ್ತುವ ಹಗ್ಗವೂ ಬಾವಿಯೊಳಗೇ ಇದ್ದಂತಾಯಿತು. ನೌಕರರ ಕೈಯಲ್ಲಿದ್ದದ್ದೂ ತಮ್ಮ ಕಂಪನಿಯದೇ ಫೋನು, ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಕೊನೆಗೆ ಬೇರೆ ಕಂಪನಿಗಳ ಸಿಮ್ ಕಾರ್ಡುಗಳನ್ನು ದೂರದ ಠಾಣೆಗಳಿಗೆ ಕಳಿಸಿಕೊಡಬೇಕಾಯಿತು. ಏನು ಕೆಟ್ಟಿದೆ ಎಂದು ಹೇಳುವ ದಾಖಲೆಗಳು ಕೈಗೆ ಸಿಗಲು ಹದಿನಾಲ್ಕು ಗಂಟೆ ಹಿಡಿಯಿತು. ಒಟ್ಟು ನಿಲುಗಡೆ ಸುಮಾರು ಇಪ್ಪತ್ತಾರು ಗಂಟೆ. ಗಿರಾಕಿಗೆ ಕಂಪನಿ ಕೊಟ್ಟದ್ದು ಐದು ದಿನದ ಬಾಡಿಗೆಯ ಮಾಫಿ.

ಮಿತಿ ಇಡದೆ ಕೆಟ್ಟ ಜಾಲದ ಕಥೆ ಇದಾದರೆ, ಮಿತಿ ಇಟ್ಟೂ ಕೆಟ್ಟ ಜಾಲದ ಕಥೆ ಆಸ್ಟ್ರೇಲಿಯದ್ದು. ೨೦೨೩ರ ನವೆಂಬರ್ ೮ರ ಬೆಳಗಿನ ಜಾವ ನಾಲ್ಕರ ನಂತರ ಅಲ್ಲಿಯ ಆಪ್ಟಸ್ ಕಂಪನಿಯ ಜಾಲ ನಿಂತಿತು. ಅದಕ್ಕೆ ಹೊರದೇಶದ ಸಂಪರ್ಕ ಕೊಡುವ, ಅದರ ಮಾತೃಸಂಸ್ಥೆ ಸಿಂಗ್‌ಟೆಲ್‌ನ ಜಾಲದಲ್ಲಿ ಆಗ ಮಾಮೂಲಿನ ತಂತ್ರಾಂಶ ಸುಧಾರಣೆಯೊಂದು ನಡೆದಿತ್ತು. ಅಲ್ಲಿಂದ ಹೆಚ್ಚುವರಿ ದಾರಿಗಳ ಸುದ್ದಿ ಹರಿದು ಬಂತು. ಆಪ್ಟಸ್‌ನ ರೂಟರುಗಳಿಗೆ ಮಿತಿ ಇತ್ತು. ಮಿತಿ ದಾಟಿದೊಡನೆ ಸುಮಾರು ತೊಂಬತ್ತು ರೂಟರುಗಳು ತಮ್ಮನ್ನು ಕಾಪಾಡಿಕೊಳ್ಳಲು ಜಾಲದಿಂದ ತಾವೇ ಕಳಚಿಕೊಂಡವು. ಎಲ್ಲ ಕಾವಲುಗಾರರೂ ಏಕಕಾಲಕ್ಕೆ ಬಾಗಿಲು ಹಾಕಿಕೊಂಡು ಒಳಗೆ ಕುಳಿತರೆ ಊರನ್ನು ಕಾಯುವವರಾರು? ಹಲವು ಕಡೆ ನೌಕರರು ಖುದ್ದಾಗಿ ಯಂತ್ರದ ಬಳಿಗೆ ಹೋಗಿ ಚಾಲೂ ಮಾಡಬೇಕಾಯಿತು. ಒಂದು ಕೋಟಿ ಜನ, ನಾಲ್ಕು ಲಕ್ಷ ವ್ಯಾಪಾರ ಸಂಸ್ಥೆಗಳು, ಮೆಲ್ಬರ್ನಿನ ರೈಲುಗಳು ಸಹ ಪರದಾಡಿದ ಆ ನಿಲುಗಡೆ ಹದಿನಾಲ್ಕು ಗಂಟೆಯ ಸಮೀಪಕ್ಕೆ ಹೋಯಿತು. ತುರ್ತು ಸಂಖ್ಯೆಗೆ ಕರೆ ಮುಟ್ಟಿಸಲಾರದೆ ಹೋದವರು ೨,೧೪೫ ಮಂದಿ. ಕಂಪನಿಯ ಮುಖ್ಯಾಧಿಕಾರಿ ಆ ತಿಂಗಳೇ ರಾಜೀನಾಮೆ ಇತ್ತರು. ಮರುವರ್ಷ ಒಂದು ಕೋಟಿ ಇಪ್ಪತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮೀರಿದ ದಂಡ ಬಿತ್ತು. ಇಷ್ಟಾದರೂ ೨೦೨೫ರ ಸೆಪ್ಟೆಂಬರಿನಲ್ಲಿ, ಫೈರ್‌ವಾಲ್ ಎಂಬ ಕಾವಲು ಯಂತ್ರವನ್ನು ಸುಧಾರಿಸುವ ಹೊತ್ತಿನಲ್ಲಿ, ಅದೇ ಕಂಪನಿಯಲ್ಲಿ ನೂರಾರು ತುರ್ತು ಕರೆಗಳು ಮತ್ತೆ ನಿಂತವು. ಕರೆ ಮುಟ್ಟದ ಮನೆಗಳಲ್ಲಿ ಸಾವುಗಳೂ ಆದವು.

ಈ ಎರಡು ಕಥೆಗಳಿಂದ ಕಲಿಯಬೇಕಾದದ್ದು ಏನು? ರಾತ್ರಿ ಪಾಳಿಯಲ್ಲಿ ಕುಳಿತು ಒಂದು ಸಾಲು ಅಳಿಸಿದ ನೌಕರನ ಕಡೆ ಬೆರಳು ತೋರಿಸುವುದು ಸುಲಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯ ಅದು. ಮನುಷ್ಯ ಎಂದಾದರೂ ಒಂದು ಸಾಲು ತಪ್ಪಿಯೇ ತಪ್ಪುತ್ತಾನೆ. ಆ ಒಂದು ಸಾಲು ಒಂದು ಕೋಟಿ ಜನರನ್ನು ಕೆಡವದಂತೆ ಜಾಲವನ್ನು ಕಟ್ಟುವುದೇ ಆಡಳಿತದ ಹೊಣೆ. ಮೊಬೈಲಿಗೂ ಮನೆಯ ತಂತಿಗೂ ಒಂದೇ ನಡುಮನೆ ಸಾಕೆಂದು ಗೊತ್ತುಮಾಡಿದವರು, ರಿಪೇರಿಯವರಿಗೆ ಬೇರೆ ದಾರಿ ಇಡದವರು, ಅಪಾಯವನ್ನು ‘ಕಡಿಮೆ’ ಎಂದು ಇಳಿಸುವ ಲೆಕ್ಕವನ್ನು ನಂಬಿದವರು ರಾತ್ರಿ ಪಾಳಿಯವರಲ್ಲ.

ಕಂಪನಿಗಳ ಉತ್ತರ ನಮಗೆ ಗೊತ್ತು. ಎರಡೆರಡು ದಾರಿ ಇಟ್ಟರೆ ಖರ್ಚು ಹೆಚ್ಚು, ದರ ಏರುತ್ತದೆ, ಅದು ನಿಮ್ಮ ಮೇಲೇ ಬೀಳುತ್ತದೆ ಎನ್ನುತ್ತಾರೆ. ಇದರಲ್ಲಿ ಅಲ್ಪಸ್ವಲ್ಪ ಸತ್ಯವಿದೆ. ಆದರೆ ಅಪಘಾತವಾದ ಕೆಲವೇ ವಾರಗಳಲ್ಲಿ ರಾಜರ್ಸ್ ಕಂಪನಿ ತಾನೇ ಮುಂದೆ ಬಂದು, ಮೊಬೈಲಿನ ನಡುಮನೆಯನ್ನೂ ತಂತಿಯ ನಡುಮನೆಯನ್ನೂ ಬೇರ್ಪಡಿಸುತ್ತೇವೆ, ಇದಕ್ಕೆ ಕನಿಷ್ಠ ಇಪ್ಪತ್ತೈದು ಕೋಟಿ ಕೆನಡಾ ಡಾಲರು ತಗಲುತ್ತದೆ ಎಂದು ಹೇಳಿತು. ಜುಲೈ ೮ರ ಬಳಿಕ ದೊರೆತ ಹಣ ಜುಲೈ ೭ರಂದು ಎಲ್ಲಿತ್ತು? ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ! ಅಂದ ಮೇಲೆ ಕೊರತೆ ಹಣದ್ದಲ್ಲ. ಜಾಲ ನಿಂತಾಗ ಆಗುವ ನಷ್ಟ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಬರುವುದೇ ಇಲ್ಲ. ಅದು ಅಂಗಡಿಕಾರನ ಗಲ್ಲಾದಲ್ಲಿ, ದಿನಗೂಲಿಯವನ ಒಲೆಯ ಮುಂದೆ ಬರೆದಿರುತ್ತದೆ. ಹಾಗಾಗಿ ಬೇರೆ ದಾರಿ ಕಟ್ಟುವ ಖರ್ಚು ಅವರ ಕಣ್ಣಿಗೆ ಯಾವಾಗಲೂ ದುಂದುವೆಚ್ಚವಾಗಿಯೇ ಕಾಣುತ್ತದೆ.

ಸರಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೂ ಅಲ್ಲಿಯೇ ಸಾಕ್ಷಿ ಇದೆ. ಕೆನಡಾದ ಮಂತ್ರಿ ಕಂಪನಿಗಳನ್ನು ಕರೆಸಿ ಒತ್ತಾಯಿಸಿದ ಮೇಲೆ, ಒಬ್ಬರ ಜಾಲ ಬಿದ್ದರೆ ಇನ್ನೊಬ್ಬರ ಗೋಪುರದಿಂದ ತುರ್ತು ಕರೆ ಸಾಗಿಸುವ ಒಪ್ಪಂದಕ್ಕೆ ೨೦೨೨ರ ಸೆಪ್ಟೆಂಬರಿನಲ್ಲೇ ಸಹಿ ಬಿತ್ತು. ಅಲ್ಲಿಯ ನಿಯಂತ್ರಣ ಮಂಡಳಿ ಹೊರಗಿನ ತಜ್ಞರಿಂದ ತನಿಖೆ ಮಾಡಿಸಿ ೨೦೨೪ರಲ್ಲಿ ವರದಿಯ ಸಾರಾಂಶವನ್ನು ಪ್ರಕಟಿಸಿತು. ಜರಡಿಯ ಕಥೆ, ಹದಿನಾಲ್ಕು ಗಂಟೆಯ ಕಥೆ ಇಂದು ಎಲ್ಲರೂ ಓದುವಂತಿರುವುದು ಅದರಿಂದ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿಯ ಕಂಪನಿಗಳ ಜಾಲವೂ ಇಂಥ ರೂಟರುಗಳ ಮೇಲೆಯೇ ನಡೆಯುತ್ತದೆ. ಅಂಗಡಿಯ ಯುಪಿಐ ಹಣವೂ ಅದರ ಮೇಲೆಯೇ ಓಡುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ೨೦೨೪ರಲ್ಲಿ ಸೇವೆಯ ಗುಣಮಟ್ಟದ ಹೊಸ ನಿಯಮಗಳನ್ನು ಹೊರಡಿಸಿತು. ಒಂದು ಜಿಲ್ಲೆಯಲ್ಲಿ ಜಾಲ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಕಂಪನಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಆ ಜಿಲ್ಲೆಯ ಗಿರಾಕಿಗೆ ಬಾಡಿಗೆಯಲ್ಲಿ ಕಡಿತ ಕೊಡಬೇಕು. ಮುಂಗಡ ಕಟ್ಟಿದವನಿಗೆ ಅವಧಿ ಮುಂದುವರಿಸಬೇಕು. ಜಿಲ್ಲೆಯನ್ನು ಲೆಕ್ಕಕ್ಕೆ ಹಿಡಿದದ್ದು ಒಳ್ಳೆಯದು. ರಾಜಧಾನಿಯ ಸುಖ ನೋಡಿ ಜಿಲ್ಲೆಯ ಕಷ್ಟ ಮುಚ್ಚುವಂತಿಲ್ಲ. ಆದರೆ ಇಪ್ಪತ್ತನಾಲ್ಕು ಗಂಟೆ ಎಂಬ ಅಳತೆಗೋಲು ಯಾರ ಬದುಕಿನಿಂದ ಬಂತು? ಆಸ್ಟ್ರೇಲಿಯದ ಆ ನಿಲುಗಡೆಯಂಥದ್ದೇ ನಮ್ಮ ಜಿಲ್ಲೆಯಲ್ಲಿ ಬೆಳಗಿನ ಜಾವ ಆರಂಭವಾಗಿ ಸಂಜೆ ಆರಕ್ಕೆ ಮುಗಿದರೆ ಈ ನಿಯಮದಂತೆ ಒಂದು ಕಾಸೂ ಬರುವುದಿಲ್ಲ. ಅಂಗಡಿ ಇಡೀ ರಾತ್ರಿ ತೆರೆದಿರುವುದಿಲ್ಲ. ಸಂತೆಯ ದಿನ ಬೆಳಗಿನಿಂದ ಸಂಜೆಯ ತನಕ ಜಾಲ ನಿಂತರೆ ವ್ಯಾಪಾರಿಗೆ ಇಡೀ ದಿನವೇ ಹೋಯಿತು; ಕಂಪನಿಯ ಗಡಿಯಾರದಲ್ಲಿ ಮಾತ್ರ ಅರ್ಧ ದಿನ.

ಆದ್ದರಿಂದ ಕೇಳಬೇಕಾದದ್ದು ಸ್ಪಷ್ಟ. ಪರಿಹಾರವನ್ನು ದುಡಿಮೆಯ ಗಂಟೆಗಳ ಲೆಕ್ಕದಲ್ಲಿ ಕೊಡಬೇಕು. ದೊಡ್ಡ ನಿಲುಗಡೆಯ ಕಾರಣವನ್ನು ಪ್ರಾಧಿಕಾರ ಜನರ ಭಾಷೆಯಲ್ಲಿ, ಅಂದರೆ ನಮ್ಮಲ್ಲಿ ಕನ್ನಡದಲ್ಲಿ, ಪ್ರಕಟಿಸಬೇಕು. ರಿಪೇರಿಯ ನೌಕರರಿಗೆ ಮುಖ್ಯ ಜಾಲವನ್ನು ಅವಲಂಬಿಸದ ಬೇರೆ ದಾರಿ ಕಡ್ಡಾಯವಾಗಬೇಕು. ರೂಟರಿಗೆ ಮಿತಿ ಇಡುವಾಗಲೇ, ಮಿತಿ ದಾಟಿ ಬಾಗಿಲು ಮುಚ್ಚಿದರೆ ಯಾರು, ಹೇಗೆ, ಎಷ್ಟು ಹೊತ್ತಿನಲ್ಲಿ ತೆರೆಯಬೇಕೆಂಬುದೂ ಗೊತ್ತಾಗಿರಬೇಕು. ಬದಲಾವಣೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ಏರ್ಪಾಡಿಲ್ಲದೆ ಯಾವ ಬದಲಾವಣೆಗೂ ಅಪ್ಪಣೆ ಇರಕೂಡದು. ಇದು ಅಪಾಯ ಎಂದು ನೌಕರ ಹೇಳಿದರೆ ಕೆಲಸ ನಿಲ್ಲಿಸುವ ಅಧಿಕಾರ ಅವನಿಗೆ ಇರಬೇಕು.

ನಾವು ನಮ್ಮ ಪಾಲಿನ ಕೆಲಸವನ್ನೂ ಮಾಡೋಣ. ಜಾಲ ನಿಂತ ಗಳಿಗೆಯನ್ನೂ ಮತ್ತೆ ಬಂದ ಗಳಿಗೆಯನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಒಬ್ಬ ಅಂಗಡಿಕಾರನ ದೂರು ಗೊಣಗಾಟವಾಗಿ ಹೋಗುತ್ತದೆ. ಒಂದು ಬೀದಿಯ ನೂರು ಅಂಗಡಿಗಳ ಟಿಪ್ಪಣಿ ದಾಖಲೆಯಾಗುತ್ತದೆ. ಅಂಗಡಿಯ ತಕ್ಕಡಿಯಲ್ಲಿ ಹತ್ತು ಗ್ರಾಂ ಕಡಿಮೆ ಬಿದ್ದರೆ ಗಿರಾಕಿ ಕೇಳುತ್ತಾನೆ, ತೂಕದ ಇನ್‌ಸ್ಪೆಕ್ಟರು ಬಂದು ದಂಡ ಹಾಕುತ್ತಾನೆ. ಇಡೀ ದಿನವನ್ನೇ ಕಡಿಮೆ ತೂಗಿದ ಕಂಪನಿಯನ್ನು ಯಾರೂ ಕೇಳಬಾರದೆಂದರೆ ಅದು ಯಾವ ತಕ್ಕಡಿಯ ನ್ಯಾಯ?