ನೃತ್ಯ ಬಲ್ಲವರೆಲ್ಲ ನೃತ್ಯ ಶಿಕ್ಷಕರೇ?

ಲಂಡನ್ನಿನಲ್ಲಿ 1904ರಲ್ಲಿ ನೃತ್ಯ ಶಿಕ್ಷಕರೇ ಸೇರಿ ಕಟ್ಟಿಕೊಂಡ ‘ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡ್ಯಾನ್ಸಿಂಗ್’ ಇಂದಿಗೂ ನಡೆಯುತ್ತಿದೆ. ಬ್ಯಾಲೆಯ ಜೊತೆಗೆ ಭರತನಾಟ್ಯ, ಕಥಕ್‌ಗಳೂ ಅದರ ಪಠ್ಯಕ್ರಮಕ್ಕೆ ಸೇರಿವೆ. ನನಗೆ ಮುಖ್ಯವೆನಿಸುವುದು ಇದು: ಆ ಸಂಘ ಕಲಿಯುವವರಿಗೆ ಪರೀಕ್ಷೆ ನಡೆಸುವುದಷ್ಟೇ ಅಲ್ಲ, ಕಲಿಸುವವರಿಗೂ ತರಬೇತಿ, ಅರ್ಹತೆ ಒದಗಿಸುತ್ತದೆ.

ನಮ್ಮ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಮುಖ್ಯವಾಗಿ ಕಲಾವಿದರ ಸಾಧನೆಯನ್ನು ಅಳೆಯುತ್ತವೆ. ಅದು ಬೇಕಾದದ್ದೇ. ಆದರೆ ಅಡವನ್ನು ಶುದ್ಧವಾಗಿ ಮಾಡುವುದು ಒಂದು. ತಾಳ ತಪ್ಪುವ ಮಗುವಿಗೆ ಅದೇ ತಟ್ಟಡವನ್ನು ಬಿಡಿಸಿ ಹೇಳಿಕೊಡುವುದು ಇನ್ನೊಂದು. ಈ ಎರಡನೆಯದನ್ನು ಗಮನಿಸುವವರಿಲ್ಲದ ಶಾಲೆಯಲ್ಲಿ ನೃತ್ಯವೆಂದರೆ ವಾರ್ಷಿಕೋತ್ಸವದ ತಾಲೀಮು. ಬಲ್ಲ ಮಕ್ಕಳು ವೇದಿಕೆಗೆ, ಉಳಿದವರು ಚಪ್ಪಾಳೆಗೆ.

ಬಿ.ಎಡ್. ಪಠ್ಯದಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಇದೆ. ಅದನ್ನು ದಾಖಲೆ ಪುಸ್ತಕಕ್ಕೆ ಸೀಮಿತಗೊಳಿಸದೆ, ಅಭ್ಯಾಸ ಬೋಧನೆಯ ಶಾಲೆಗಳಿಗೆ ಬರುವ ನೃತ್ಯ ಶಿಕ್ಷಕರನ್ನೂ ನಮ್ಮ ಪಾಠಯೋಜನೆ, ಪಾಠ ವೀಕ್ಷಣೆ, ಚರ್ಚೆಗಳಿಗೆ ಕರೆಯೋಣ. ಅವರಿಂದ ನಮಗೆ ಲಯ, ಅಭಿನಯ. ನಮ್ಮಿಂದ ಅವರಿಗೆ ಮಗುವಿನ ಮಟ್ಟಕ್ಕೆ ಪಾಠ ಹೊಂದಿಸುವ ಕ್ರಮ. ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಿ ಮಾತನಾಡತೊಡಗಿದರೆ ಸಂಘ ಅಲ್ಲಿಂದಲೇ ಶುರುವಾಗುತ್ತದೆ. ಸನ್ಮಾನ ಮಾಡುವ ಸಂಘಗಳು ನಮ್ಮಲ್ಲಿ ಸಾಕಷ್ಟಿವೆ. ಪಾಠ ತಿದ್ದಿಕೊಳ್ಳುವ ಸಂಘ ಬೇಕು.